ಮಾತ್ರೆ ಇಳಿದ ವಾರಗಳು

ಮನೆಯಿಂದ,
ಮಾರ್ಚ್ ೧೧

ಪ್ರೀತಿಯ ಗುಬ್ಬಿ,

ನೀನು, ಮಕ್ಕಳು ಎಲ್ಲ ಆರೋಗ್ಯವಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಎರಡು ಕಾಗದಗಳೂ ಕೈ ಸೇರಿದವು. ಮೊದಲನೆಯದು ಬಂದ ದಿನವೇ ಉತ್ತರಕ್ಕೆ ಕೂತಿದ್ದೆ. ಅರ್ಧ ಪುಟ ಆಗುವಷ್ಟರಲ್ಲಿ ಸಾಲುಗಳು ಒಂದರ ಹೆಗಲ ಮೇಲೊಂದು ಹತ್ತಿ, ಬರೆದದ್ದು ನನಗೇ ಓದಲಾಗದೆ ಹರಿದು ಹಾಕಿದೆ. ಈಗ ಮಗಳು ದಪ್ಪ ಗೆರೆಯ ಹಾಳೆ ತಂದುಕೊಟ್ಟಿದ್ದಾಳೆ, ಅಕ್ಷರ ಕಲಿಯುವ ಮಕ್ಕಳಿಗೆ ಕೊಡುವಂಥದ್ದು. ತಡವಾದದ್ದಕ್ಕೆ ಬೈಯಬೇಡ, ಅಕ್ಷರ ಗೆರೆ ಬಿಟ್ಟು ಅಡ್ಡಾಡಿದ್ದರೆ ಅದಕ್ಕೂ ಬೈಯಬೇಡ. ಫೋನು ಮಾಡೋಣವೆಂದರೆ ನಿನಗೆ ಕಿವಿ ಮಂದ. ನಾನು ಕಿರುಚಿದ್ದು ಬೀದಿಯವರಿಗೆಲ್ಲ ಕೇಳಿಸುತ್ತದೆ, ನಿನ್ನೊಬ್ಬಳನ್ನು ಬಿಟ್ಟು. ನಿನ್ನ ಕಣ್ಣು, ನನ್ನ ಕಿವಿ ಜೋಡಿಸಿದರೆ ಒಬ್ಬ ನೆಟ್ಟಗಿನ ಹೆಂಗಸು ಆದಾಳು. ನಗು, ಪರವಾಗಿಲ್ಲ. ಬರೆಯುವಾಗ ನಾನೂ ನಕ್ಕೆ.

ಎರಡನೆಯ ಕಾಗದದಲ್ಲಿ ನೀನು ಕೇಳಿದ್ದೀಯ: ಊರಿಗೆಲ್ಲ ಕಾರು ಕಲಿಸುತ್ತಾ, ನಿಧಾನ ನಿಧಾನ ಎಂದು ಇಷ್ಟು ವರ್ಷ ಬಾಯಿ ಬಡಿದುಕೊಂಡವಳು ಮಾತ್ರೆ ವಿಷಯದಲ್ಲಿ ಯಾಕಕ್ಕಾ ಅಷ್ಟು ಅವಸರ ಮಾಡಿದೆ ಎಂದು. ಆ ಸಾಲಿನ ಮೇಲೆ ಶಾಯಿ ಕದಡಿತ್ತು. ನೀನು ಅತ್ತಿರಬೇಕು, ಇಲ್ಲವೇ ಎಂದಿನಂತೆ ಟೀ ಚೆಲ್ಲಿರಬೇಕು. ಮೊದಲು ನಡೆದದ್ದನ್ನೆಲ್ಲ ಹೇಳಿಬಿಡುತ್ತೇನೆ. ನಾನು ಆಸ್ಪತ್ರೆಯಲ್ಲಿದ್ದಾಗ ಮಗಳು ನಿನಗೆ ಬರೆದದ್ದು ನಾಲ್ಕೇ ಸಾಲು, ಅದರಲ್ಲಿ ಮೂರು ನನ್ನನ್ನು ಬೈದದ್ದು.

ಹೋದ ಬೇಸಿಗೆಯಲ್ಲಿ ಕಾಯಿಲೆ ಶುರುವಾದದ್ದು ನಿನಗೆ ಗೊತ್ತು. ತಲೆ ಬಾಚಿದರೆ ಹಣೆಯ ಪಕ್ಕ ಹುಣ್ಣು ಮುಟ್ಟಿದಂಥ ನೋವು. ಬ್ರೆಡ್ಡಿನ ಅಂಚು ಅಗಿಯುವಷ್ಟರಲ್ಲಿ ದವಡೆ ಸೋತುಹೋಗುತ್ತಿತ್ತು. ಡಾಕ್ಟರಮ್ಮ ರಕ್ತದ ವರದಿ ನೋಡಿದವರೇ, "ತಲೆಗೆ ಹೋಗೋ ರಕ್ತನಾಳ ಊದಿಕೊಂಡಿದೆ. ಹೀಗೇ ಬಿಟ್ರೆ ಕಣ್ಣಿಗೆ ರಕ್ತ ಹೋಗೋದು ನಿಂತುಬಿಡುತ್ತೆ. ಇವತ್ತೇ ಸ್ಟೀರಾಯ್ಡ್ ಶುರು ಮಾಡ್ಬೇಕು," ಎಂದರು. ಶುರು ಮಾಡಿದೆ. ಒಂದೆರಡು ದಿನದಲ್ಲಿ ನೋವು ಹೇಳದೆ ಕೇಳದೆ ಎದ್ದು ಹೋಯಿತು. ಆ ಮಾತ್ರೆಗೆ ಕೈ ಮುಗಿಯಬೇಕು ಅನ್ನಿಸಿತ್ತು.

ಆಮೇಲೆ ಅದು ತನ್ನ ಇನ್ನೊಂದು ಗುಣ ತೋರಿಸಿತು. ಮುಖ ಊದಿ ತಟ್ಟೆಯಾಯಿತು. ಮೊದಲು ನನ್ನ ಹತ್ತಿರವೇ ಕಲಿತು ಹೋದವರೊಬ್ಬರು ಬಂದು, "ಮೇಡಂ ಇಲ್ವಾ?" ಎಂದು ನನ್ನನ್ನೇ ಕೇಳಿದರು. ಸಕ್ಕರೆ ಏರಿತು. ಊಟ ಮುಗಿಸಿ ಕೈ ತೊಳೆಯುವಾಗಲೇ ಮತ್ತೆ ಹಸಿವು. ನಿದ್ದೆ ಹತ್ತಿರ ಸುಳಿಯಲಿಲ್ಲ. ಇದನ್ನೆಲ್ಲ ಸಹಿಸಬಹುದಿತ್ತು, ಸಿಟ್ಟೊಂದು ಇಲ್ಲದಿದ್ದರೆ. ಗುಬ್ಬಿ, ಕಲಿಯುವವರು ಕಾರನ್ನು ಕಾಂಪೌಂಡಿಗೆ ಗುದ್ದಿದಾಗಲೂ "ಪರವಾಗಿಲ್ಲ, ಗೋಡೆ ಅಲ್ಲಿ ನಿಂತಿದ್ದೇ ತಪ್ಪು" ಎಂದವಳು ನಾನು. ಅಂಥವಳು, ಎಂಜಿನ್ ನಿಂತುಹೋಯಿತೆಂದು ಒಬ್ಬ ಕಾಲೇಜು ಹುಡುಗಿಯ ಮುಂದೆಯೇ ಕೀಲಿ ಕಿತ್ತು ರಸ್ತೆಗೆ ಎಸೆದೆ. ಆ ಹುಡುಗಿ ಮತ್ತೆ ಬರಲಿಲ್ಲ.

ಮನೆಯಲ್ಲಿ ಇನ್ನೂ ಕೆಟ್ಟದಾಯಿತು. ನಿನ್ನ ಭಾವ ಚೌಕಟ್ಟು ಹಾಕುವುದು ಮುಂದಿನ ಕೋಣೆಯಲ್ಲೇ ತಾನೆ. ಒಂದು ಸಂಜೆ ಯಾರದೋ ಮದುವೆಯ ಫೋಟೋಕ್ಕೆಂದು ದೊಡ್ಡ ಗಾಜನ್ನು ಅಳತೆಗೆ ಕತ್ತರಿಸಿ, ಅಂಚು ತಿಕ್ಕಿ, ಮೇಜಿನ ಮೇಲಿಟ್ಟು, "ಟೀ ಕುಡೀತೀಯಾ?" ಎಂದರು. ಇನ್ನೊಂದು ಸಲ ಕೇಳಿದರು. ಅಷ್ಟಕ್ಕೇ ಎರಡೂ ಕೈಯಿಂದ ಆ ಗಾಜನ್ನು ನೂಕಿಬಿಟ್ಟೆ. ಅದು ಬಿದ್ದ ಸದ್ದಿಗೆ ನಾನೇ ಬೆಚ್ಚಿದೆ. ಅವರು ಮಂಡಿಯೂರಿ ಚೂರು ಆರಿಸಿದರು. ನಡುವೆ ಒಮ್ಮೆ ತಲೆಯೆತ್ತಿ ನೋಡಿದರು, ದಾರಿ ತಪ್ಪಿ ಯಾರದೋ ಮನೆಯೊಳಗೆ ಬಂದವರ ಹಾಗೆ. "ಇದು ನೀನಲ್ಲ ಕಣೇ. ಇದು ಆ ಮಾತ್ರೆ," ಎಂದರು.

ಡಾಕ್ಟರಮ್ಮನಿಗೂ ಈ ಸಿಟ್ಟಿನ ವಿಷಯ ಹೇಳಿದ್ದೆವು, ಇಬ್ಬರೂ ಹೋಗಿ. ಅವರು ಬೇಸರದಿಂದಲೇ ಕೇಳಿಸಿಕೊಂಡರು. "ಗೊತ್ತು. ನನಗೂ ಬೇಗ ಇಳಿಸೋ ಆಸೆಯೇ. ಆದ್ರೆ ಈ ಕಾಯಿಲೆ ಬೂದಿ ಮುಚ್ಚಿಕೊಂಡು ಕೂತಿರುತ್ತೆ. ರಕ್ತ ನೋಡ್ತಾ ನೋಡ್ತಾ ಒಂದೊಂದೇ ಮೆಟ್ಟಿಲು ಇಳೀಬೇಕು. ವರ್ಷದ ಮೇಲೇ ಹಿಡಿಯಬಹುದು. ನಿಮ್ಮಷ್ಟಕ್ಕೆ ಕೈ ಹಾಕ್ಬೇಡಿ," ಎಂದರು. ಮುಂದಿನ ಮೆಟ್ಟಿಲಿಗೆ ಬೇಕಾಗುತ್ತದೆಂದು ಸಣ್ಣ ಪ್ರಮಾಣದ ಮಾತ್ರೆಗಳನ್ನೂ ಬರೆದುಕೊಟ್ಟು, ನಾನು ಹೇಳಿದಾಗ ಮಾತ್ರ ಇವು ಎಂದರು.

ಚಳಿ ಬೀಳುವ ಹೊತ್ತಿಗೆ ಮಾತ್ರೆ ಅರ್ಧಕ್ಕೆ ಇಳಿದಿತ್ತು. ಆಮೇಲೆ ಅದಕ್ಕಿಂತಲೂ ಕೆಳಗೆ.

ಆ ವಾರಗಳ ಬಗ್ಗೆ ಹೇಗೆ ಹೇಳಲಿ? ಸುಖವಾಗಿದ್ದೆ. ಮೊದಲು ನಿದ್ದೆ ಬಂತು, ತೂಕಡಿಸಿ ತೂಕಡಿಸಿ ಬಂದದ್ದಲ್ಲ, ಬಾವಿಗೆ ಕಲ್ಲು ಬಿದ್ದ ಹಾಗೆ. ಕೆನ್ನೆ ಇಳಿದು ಹಳೆಯ ಮುಖದ ಮೂಳೆಗಳು ಕಂಡವು. ಸಿಟ್ಟು ಯಾವ ಬಾಗಿಲಿಂದ ಹೊರಗೆ ಹೋಯಿತೋ ತಿಳಿಯಲಿಲ್ಲ. ನಿನ್ನ ಭಾವ ಗಾಜು ಕತ್ತರಿಸುತ್ತಾ ಮತ್ತೆ ಗುನುಗತೊಡಗಿದರು, ಅದೇ ರಾಗವಿಲ್ಲದ ರಾಗ. ಭಾನುವಾರ ಇಬ್ಬರೂ ಕೆರೆಯ ಸುತ್ತ ನಡೆಯುತ್ತಿದ್ದೆವು. ಒಂದು ದಿನ ನನ್ನ ಕೈ ಹಿಡಿದುಕೊಂಡು, "ಬಂದೆಯಲ್ಲ ಮಾರಾಯ್ತಿ," ಎಂದರು. ಎಲ್ಲಿಗೆ ಹೋಗಿದ್ದೆ ನಾನು ಎಂದೆ. ಅವರು ಸುಮ್ಮನೆ ನಕ್ಕರು. ಕಾಯಿಲೆ ಬಿಟ್ಟುಹೋಯಿತು ಎಂದೇ ನಾನು ನಂಬಿದ್ದೆ.

ಅದು ಬಿಟ್ಟುಹೋಗಿರಲಿಲ್ಲ. ಮೊದಲು ಹೆಗಲು ಹಿಡಿಯಿತು, ಬೆಳಿಗ್ಗೆ ರವಿಕೆಗೆ ಕೈ ತೂರಿಸಲು ಆಗದಷ್ಟು. ವಯಸ್ಸಾಯಿತಲ್ಲ ಎಂದುಕೊಂಡೆ. ಆಮೇಲೆ ಬಾಚಣಿಗೆ ಮತ್ತೆ ಚುಚ್ಚತೊಡಗಿತು. ಒಂದು ಮಧ್ಯಾಹ್ನ ಊಟದ ನಡುವೆ ದವಡೆ ಹಿಡಿದುಕೊಂಡು ಕೂತದ್ದನ್ನು ನೋಡಿ ನಿನ್ನ ಭಾವ, "ಅಂತೂ ಆ ಬಾಯಿಗೂ ಒಂದು ರಜೆ ಸಿಕ್ತು," ಎಂದರು. ಇಬ್ಬರೂ ನಕ್ಕೆವು. ಡಾಕ್ಟರಮ್ಮನ ಬಳಿ ಹೋಗುವ ದಿನ ಹತ್ತಿರದಲ್ಲೇ ಇತ್ತು, ಆಗ ಹೇಳಿದರಾಯಿತು ಎಂದು ಬಿಟ್ಟೆ. ಆ ವಾರವೇ ಒಂದು ದಿನ ಪಾಠದ ನಡುವೆ ಕಾರಿನ ಗಾಜು ಮಂಜು ಕವಿದಂತೆ ಕಂಡು, ಪಕ್ಕದಲ್ಲಿದ್ದವರಿಗೆ "ವೈಪರ್ ಹಾಕಿ" ಎಂದೆ. "ಗಾಜು ಒಣಗಿದೆಯಲ್ಲ ಮೇಡಂ," ಎಂದರು ಅವರು. ಅಷ್ಟರಲ್ಲಿ ಮಂಜು ತಾನಾಗಿ ಸರಿಯಿತು. ಗಾಜಲ್ಲ, ನನ್ನ ಕಣ್ಣು ಎಂದು ಆಗ ಹೊಳೆಯಲಿಲ್ಲ.

ಅದಾಗಿ ಎರಡು ದಿನಕ್ಕೆ ಬೇಕರಿಯಮ್ಮನ ಪಾಠವಿತ್ತು. ನಮ್ಮ ಬೀದಿಯ ಕೊನೆಯ ಬೇಕರಿಯನ್ನು ಒಬ್ಬಳೇ ನಡೆಸುವ ಹೆಂಗಸು. ಐವತ್ತು ದಾಟಿದ ಮೇಲೆ, ಬ್ರೆಡ್ಡು ತಲುಪಿಸಲು ಇನ್ನೊಬ್ಬರ ಕಾಲು ಹಿಡಿಯಲಾರೆ ಎಂದು ಕಲಿಯಲು ಬಂದವಳು. ಹಿಂದಿನ ಬೀದಿಗಳನ್ನು ಬಿಟ್ಟು ಅವಳು ಇನ್ನೂ ದೊಡ್ಡ ರಸ್ತೆ ಮುಟ್ಟಿರಲಿಲ್ಲ. ತಿರುವಿನಲ್ಲಿ ಕನ್ನಡಿ ನೋಡಿ ಎಂದು ಹೇಳುತ್ತಿದ್ದ ನನಗೆ ಮೇಲಿನಿಂದ ಒಂದು ಕಪ್ಪು ಪರದೆ ಇಳಿದಂತಾಯಿತು. ನೋವಿಲ್ಲ, ಸದ್ದಿಲ್ಲ. ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ನೋಡಿದೆ. ಬೀದಿ, ಕಾರು, ಬೇಕರಿಯಮ್ಮ ಯಾವುದೂ ಇರಲಿಲ್ಲ. ಕೈ ತೆಗೆದೆ, ಎಲ್ಲ ಇತ್ತು. ಮತ್ತೆ ಮುಚ್ಚಿದೆ.

"ಯಾಕೆ ಮೇಡಂ ಸುಮ್ಮನಾದ್ರಿ? ತಪ್ಪು ಮಾಡಿದ್ನಾ?" ಎಂದಳು.

"ಇಲ್ಲ. ಗಾಡಿ ಪಕ್ಕಕ್ಕೆ ಹಾಕಿ. ನನ್ನ ಬಲಗಣ್ಣು ಹೋಯಿತು."

ಹೀಗೆಯೇ ಹೇಳಿದೆ, ಗೇರ್ ಬದಲಾಯಿಸಿ ಅನ್ನುವ ದನಿಯಲ್ಲಿ. ಇಳಿದು ನಾನೇ ಓಡಿಸೋಣವೆಂದು ಬಾಗಿಲಿನ ಹಿಡಿಗೆ ಕೈ ಹಾಕಿದರೆ ಕೈ ಗಾಳಿಯಲ್ಲಿ ಆಡಿತು. ಅವಳು ಅದನ್ನು ನೋಡಿದಳು.

"ಕೂತ್ಕೊಳ್ಳಿ ಮೇಡಂ. ಆಸ್ಪತ್ರೆಗೆ ನಾನೇ ಓಡಿಸ್ತೀನಿ."

"ನೀವಿನ್ನೂ ಮೂರನೇ ಗೇರೇ ಹಾಕಿಲ್ಲ."

"ಹಾಕದಿದ್ರೆ ಗಾಡಿ ಹೋಗಲ್ವಾ?"

"ಹೋಗುತ್ತೆ."

"ಹಾಗಾದ್ರೆ ಬೇಡ ಬಿಡಿ."

ಎರಡನೇ ಗೇರಿನಲ್ಲೇ ಇಡೀ ಊರನ್ನು ದಾಟಿದೆವು, ಗುಬ್ಬಿ. ಹಿಂದಿನ ವಾಹನಗಳು ಹಾರನ್ ಹೊಡೆದು ಹೊಡೆದು ಸುಸ್ತಾದವು. ಎಂಜಿನ್ ಆರ್ತನಾದ ಮಾಡುತ್ತಿತ್ತು. ಅವಳ ಕೈ ಸ್ಟೀರಿಂಗಿಗೆ ಅಂಟಿಕೊಂಡಿತ್ತು, ಹಣೆಯಿಂದ ಬೆವರು ಇಳಿಯುತ್ತಿತ್ತು. ಉಳಿದ ಒಂದು ಕಣ್ಣಿನಿಂದ ನಾನು ದಾರಿ ಹೇಳಿದೆ: ಈಗ ಕ್ಲಚ್, ಈಗ ಬಿಡಿ, ಲಾರಿಗೆ ದಾರಿ ಕೊಡಿ, ಹೆದರಬೇಡಿ, ನನ್ನ ಕಾಲ ಕೆಳಗೂ ಬ್ರೇಕ್ ಇದೆ. ಬ್ರೇಕ್ ಇತ್ತು ನಿಜ. ಲಾರಿ ಎಷ್ಟು ದೂರದಲ್ಲಿದೆ ಎಂದು ನನಗೆ ಗೊತ್ತಾಗುತ್ತಿರಲಿಲ್ಲ. ಅದನ್ನು ಅವಳಿಗೆ ಹೇಳಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಒಂದು ಹೂಕುಂಡ ಉರುಳಿಸಿ ಗಾಡಿ ನಿಂತಿತು. "ನಿಲ್ಲಿಸೋ ಪಾಠ ಇನ್ನೂ ಆಗಿಲ್ವಲ್ಲ," ಎಂದು ಹೇಳಿ ಅವಳು ಅಲ್ಲೇ ಗೊಳೋ ಎಂದು ಅತ್ತುಬಿಟ್ಟಳು.

ಆಮೇಲಿನದು ನಿನಗೆ ಅರ್ಧ ಗೊತ್ತು. ಕಣ್ಣಿನ ಡಾಕ್ಟರು ದೀಪ ಹಿಡಿದು ನೋಡಿ, ಹೊರಗೆ ಹೋಗಿ ಫೋನು ಮಾಡಿದರು. ನಮ್ಮ ಡಾಕ್ಟರಮ್ಮ ಓಡಿಬಂದರು. ಕೈಗೆ ಸೂಜಿ ಚುಚ್ಚಿ ಸ್ಟೀರಾಯ್ಡನ್ನು ನೇರ ರಕ್ತಕ್ಕೇ ಬಿಟ್ಟರು, ಒಂದರ ಹಿಂದೊಂದು ಬಾಟಲಿ. "ಔಷಧಿ ಇಷ್ಟು ಇರುವಾಗ ಇದು ಹೇಗೆ ಕೆರಳಿತು?" ಎಂದು ಅವರಿಗೆ ತಲೆ ಕೆಟ್ಟುಹೋಗಿತ್ತು. ನಿನ್ನ ಭಾವನನ್ನು ಮನೆಗೆ ಅಟ್ಟಿ ಮಾತ್ರೆಯ ಡಬ್ಬಿ ತರಿಸಿದರು. ಡಬ್ಬಿ ತೆಗೆದು, ಖಾಲಿಯಾದ ಪಟ್ಟಿಗಳನ್ನು ಬೆಳಕಿಗೆ ಹಿಡಿದು ನೋಡಿದರು. ಅವರ ಮುಖದ ಬಣ್ಣವೇ ಬದಲಾಯಿತು.

"ಇವು ಐದು ಮಿಲಿಗ್ರಾಮಿನವು. ಹತ್ತರ ಪಟ್ಟಿಗಳು ಹಾಗೇ ತುಂಬಿಕೊಂಡು ಕೂತಿವೆ. ಇಳಿಸೋಕೆ ಯಾರು ಹೇಳಿದ್ದು ನಿಮಗೆ?"

ನಾನು ದಿಂಬಿನ ಮೇಲೆ ತಲೆ ತಿರುಗಿಸಿ ಒಮ್ಮೆ ಎಲ್ಲರನ್ನೂ ನೋಡಿದೆ.

"ನಾನೇ ಇಳಿಸಿಕೊಂಡೆ," ಎಂದೆ.

ಡಾಕ್ಟರಮ್ಮ ಕುರ್ಚಿಯಲ್ಲಿ ಕುಸಿದು ಕೂತರು. ಕೂಗಾಡಿದ್ದರೆ ಚೆನ್ನಾಗಿತ್ತು. ಮೆಲ್ಲಗೆ, "ಕಣ್ಣು ನಾನು ವಾಪಸ್ ತಂದುಕೊಡೋಕಾಗಲ್ಲ ಅಮ್ಮ. ಹೋದದ್ದು ಹೋಯ್ತು. ಈಗ ಇನ್ನೊಂದನ್ನ ಉಳಿಸ್ಕೋಬೇಕು," ಎಂದರು. ಮಗಳು ಗೋಡೆಗೆ ತಿರುಗಿ ನಿಂತಳು. ಅಲ್ಲಿಂದಲೇ ಅವಳ ಬಾಯಿ ತೆರೆಯಿತು, ಇಡೀ ವಾರ್ಡಿಗೆ ಕೇಳಿಸುವಂತೆ. ಯಾವತ್ತು ಯಾರ ಮಾತು ಕೇಳಿದ್ದೀ ನೀನು, ನಿನಗೆ ನಿನ್ನದೇ ಸರಿ. ಕೇಳಿಸಿಕೊಂಡೆ. ಮಗಳು ಅಷ್ಟು ಬೈಯುವುದು ಹೆದರಿದಾಗ ಮಾತ್ರ.

ಈಗ ಮತ್ತೆ ದೊಡ್ಡ ಪ್ರಮಾಣ. ಮುಖ ಮತ್ತೆ ತಟ್ಟೆ, ನಿದ್ದೆ ಮತ್ತೆ ಮಂಗಮಾಯ. ಸಕ್ಕರೆಗೆಂದು ಹೊಟ್ಟೆಗೆ ಸೂಜಿ, ಮೂಳೆ ಸವೆಯದಿರಲು ಒಂದು ಮಾತ್ರೆ, ಹೊಟ್ಟೆ ಉರಿಯದಿರಲು ಇನ್ನೊಂದು. ಇಷ್ಟು ತಿಂಗಳು ಸ್ಟೀರಾಯ್ಡ್ ಹೊರಗಿನಿಂದ ಸಿಕ್ಕಿದ್ದರಿಂದ ಮೈ ತನ್ನೊಳಗೆ ಅದನ್ನು ತಯಾರಿಸುವುದನ್ನೇ ಬಿಟ್ಟು ಮಲಗಿದೆಯಂತೆ, ತಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯವಂತೆ. ಹಾಗೆಂದು ಬರೆದ ಒಂದು ಚೀಟಿ ಸದಾ ನನ್ನ ಪರ್ಸಿನಲ್ಲಿರಬೇಕು. ತಲೆ ನೋಯಲಿ, ದವಡೆ ಸೋಲಲಿ, ಕಣ್ಣು ಒಂದು ಕ್ಷಣ ಮಂಜಾಗಲಿ, ಯಾರನ್ನೂ ಕೇಳದೆ ನೇರ ಆಸ್ಪತ್ರೆಗೆ ಓಡಬೇಕು. "ಇಳಿಸೋಳು ನಾನೊಬ್ಬಳೇ. ಈ ಸಲ ಆಮೆ ನಾಚಬೇಕು, ಅಷ್ಟು ನಿಧಾನ," ಎಂದಿದ್ದಾರೆ ಡಾಕ್ಟರಮ್ಮ. ಸಿಟ್ಟು ಬಂದಾಗ ಏನು ಮಾಡಲಿ ಎಂದು ಕೇಳಿದೆ. "ಎದ್ದು ಬೇರೆ ಕೋಣೆಗೆ ಹೋಗಿ. ಇದು ಔಷಧಿಯ ಸಿಟ್ಟು ಅಂತ ಬಾಯಿಬಿಟ್ಟು ಹೇಳಿ. ಮನೆಯವರಿಗೂ ಗೊತ್ತಿರಲಿ," ಎಂದರು. ಹಾಗೆಯೇ ಮಾಡುತ್ತಿದ್ದೇನೆ. ಹಿತ್ತಲ ಕೋಣೆಗೆ ನನ್ನ ಕಾಟ ಜಾಸ್ತಿಯಾಗಿದೆ.

ಟೀ ಬಗ್ಗಿಸಿದರೆ ಲೋಟದ ಪಕ್ಕಕ್ಕೆ ಬೀಳುತ್ತದೆ. ಮೆಟ್ಟಿಲಿನ ಕೊನೆಯದು ಯಾವುದೆಂದು ಕಾಲಿನಿಂದ ತಡಕಬೇಕು. ಬಲಗಡೆಯಿಂದ ಯಾರಾದರೂ ಮಾತಾಡಿಸಿದರೆ ಬೆಚ್ಚಿಬೀಳುತ್ತೇನೆ. ಕಲಿಸುವ ಪರವಾನಗಿಯನ್ನು ನಾನೇ ಹೋಗಿ ಹಿಂದಕ್ಕೆ ಕೊಟ್ಟುಬಂದೆ. ಕೌಂಟರಿನಲ್ಲಿದ್ದವನಿಗೂ ಹಿಂದೊಮ್ಮೆ ನಾನೇ ಕಲಿಸಿದ್ದೆ. ಅವನು ಎದ್ದು ನಿಂತು ತೆಗೆದುಕೊಂಡ, ಅದನ್ನೇ ನನಗೆ ತಡೆಯಲಾಗಲಿಲ್ಲ. ಕಾರಿಗೆ ಹೊದಿಕೆ ಹೊದಿಸಿದ್ದೇವೆ. ಬೇಕರಿಯಮ್ಮ ಬೇರೆ ಕಡೆ ಕಲಿಯಲು ಹೋಗಲಾರೆ ಎನ್ನುತ್ತಾಳೆ. ಹೋಗಮ್ಮ, ಮೂರನೇ ಗೇರನ್ನಾದರೂ ಅವರು ಹೇಳಿಕೊಡಲಿ ಎಂದೆ. ಮೊನ್ನೆ ಹೋದಳಂತೆ.

ನೀನು ಹೊರಟು ಬರುತ್ತೇನೆ ಎಂದಿದ್ದೀಯ. ಈಗಲೇ ಬೇಡ. ನಿನ್ನ ಸೊಸೆಯ ಹೆರಿಗೆ ಮುಗಿಯಲಿ, ಮಗು ಕಣ್ಣು ಬಿಟ್ಟು ನಿನ್ನ ಗುರುತು ಹಿಡಿಯಲಿ. ನಾನು ಇಲ್ಲೇ ಇರುತ್ತೇನೆ. ಹುಟ್ಟುವ ಕೂಸಿಗೆ ಆಯಸ್ಸು, ಅದರ ತಾಯಿಗೆ ಗಟ್ಟಿ ಮೈ, ನಿನಗೆ ಇನ್ನಷ್ಟು ವರ್ಷ ಇದೇ ನಾಲಿಗೆ ಸಿಗಲಿ. ನಿನ್ನ ಮನೆಯ ಎಲ್ಲರ ತಲೆಯ ಮೇಲೂ ನನ್ನ ಕೈ ಇದೆ ಎಂದುಕೋ.

ಇತಿ,
ನಿನ್ನ ಅಕ್ಕ

ತಾ.ಕ.: ಇಷ್ಟು ಬರೆದು, ಮಡಚಿ, ಲಕೋಟೆಗೂ ಹಾಕಿದ್ದೆ. ಮತ್ತೆ ತೆಗೆದೆ. ನೀನು ಕೇಳಿದ್ದಕ್ಕೆ ನಾನು ಉತ್ತರ ಕೊಟ್ಟಿಲ್ಲ.

ಮಾತ್ರೆ ಇಳಿಸಿದ್ದು ನಾನಲ್ಲ ಗುಬ್ಬಿ.

ಬೆಳಿಗ್ಗೆ ಮೊದಲ ಪಾಠಕ್ಕೆ ಓಡುವ ಗಡಿಬಿಡಿಯಲ್ಲಿ ಮರೆಯುತ್ತೇನೆಂದು ಡಬ್ಬಿ ನಿನ್ನ ಭಾವನ ಹತ್ತಿರವೇ ಇರುತ್ತಿತ್ತು. ಅವರು ಅಂಗೈಗೆ ಹಾಕುತ್ತಿದ್ದರು, ನಾನು ನೋಡದೆ ಬಾಯಿಗೆ ಎಸೆದುಕೊಳ್ಳುತ್ತಿದ್ದೆ. ಮೊದಲೂ ನಾಲ್ಕು ಬಿಳಿ ಮಾತ್ರೆ ಇರುತ್ತಿದ್ದವು, ಆಗಲೂ ನಾಲ್ಕೇ ಇದ್ದವು. ಹತ್ತರ ಜಾಗಕ್ಕೆ ಐದರವು ಬಂದದ್ದು ನನಗೆ ಹೇಗೆ ಗೊತ್ತಾಗಬೇಕು? ಕೊನೆಕೊನೆಗೆ ಮೂರಾದಾಗ, "ಡಾಕ್ಟರು ಫೋನಲ್ಲಿ ಹೇಳಿದ್ರು," ಎಂದಿದ್ದರು. ಅಷ್ಟೇ ಇಳಿದಿದೆ ಎಂದು ನಾನು ಅಂದುಕೊಂಡೆ. ಬಾಚಣಿಗೆ ಚುಚ್ಚಿದಾಗಲೂ ದವಡೆ ಸೋತಾಗಲೂ ನಾನು ಧೈರ್ಯವಾಗಿ ಕೂತದ್ದು ಅದಕ್ಕೇ. ಔಷಧಿ ಒಳಗಿದೆಯಲ್ಲ, ಆ ಕಾಯಿಲೆ ಹೇಗೆ ಬಂದೀತು ಎಂದು.

ಡಾಕ್ಟರಮ್ಮ ಯಾರು ಹೇಳಿದ್ದು ಎಂದು ಕೇಳಿದಾಗ ನಾನು ನಿನ್ನ ಭಾವನ ಕಡೆ ನೋಡಿದೆ. ಒಂದೇ ಕಣ್ಣು ಸಾಕಾಯಿತು. ಆ ಮುಖವನ್ನು ಮಗಳ ಎದುರು, ಡಾಕ್ಟರ ಎದುರು ಹಾಗೆ ಬಿಡಲಾಗಲಿಲ್ಲ. ಕೆಟ್ಟದ್ದು ಬಯಸಿ ಮಾಡಿದ್ದಲ್ಲ ಎಂದು ನನಗೆ ಗೊತ್ತು. ಹಳೆಯ ಹೆಂಡತಿ ಬೇಕಾಗಿತ್ತು ಅವರಿಗೆ. ಸಿಕ್ಕಿದ್ದಳು ಕೂಡ, ಆ ಕೆಲವು ವಾರ. ಇಬ್ಬರೇ ಇದ್ದಾಗ ಹೇಳಿಯಾರು, ನನ್ನಿಂದ ಹೀಗಾಯಿತು ಎಂದು ಒಂದು ಮಾತು ಹೇಳಿದರೆ ಸಾಕು, ಅಲ್ಲಿಗೆ ಮುಗಿಸೋಣ ಎಂದುಕೊಂಡೇ ನಾನು ಆ ಸುಳ್ಳು ಹೇಳಿದ್ದು.

ಅವರು ಹೇಳಲಿಲ್ಲ. ಆಮೇಲೆ ನೋಡಲು ಬಂದ ಎದುರುಮನೆಯವರು "ಯಾಕೆ ಹೀಗಾಯ್ತು?" ಎಂದಾಗ, "ನಾನು ಬಡ್ಕೊಂಡೆ, ಇಳಿಸ್ಬೇಡ ಅಂತ. ಕೇಳಬೇಕಲ್ಲ," ಎಂದರು. ನಾನು ಪಕ್ಕದಲ್ಲೇ ಕೂತಿದ್ದೆ. ಈಗ ಬಂದವರಿಗೆಲ್ಲ ಹೇಳುತ್ತಾರೆ. ಒಂದೊಂದು ಸಲಕ್ಕೂ ಅದು ಇನ್ನಷ್ಟು ನಯವಾಗುತ್ತಿದೆ. ನಾನು ಏನೆಂದೆ, ತಾವು ಏನೆಂದರು, ಎಲ್ಲ ಸೇರಿಕೊಂಡಿದೆ. ಈಚೆಗೆ ಅವರೇ ಅದನ್ನು ನಂಬಿಬಿಟ್ಟಿದ್ದಾರೆ ಅನ್ನಿಸುತ್ತದೆ. ಕಣ್ಣು ಹೋದದ್ದನ್ನು ಹೇಗೋ ಹೊಂದಿಸಿಕೊಳ್ಳುತ್ತೇನೆ. ಇದನ್ನು ಎಲ್ಲಿಡಲಿ ಎಂದು ತಿಳಿಯುತ್ತಿಲ್ಲ.

ನೀನು ಅವರಿಗೆ ಬರೆಯುವಾಗ ಏನೂ ತೋರಿಸಿಕೊಳ್ಳಬೇಡ. ಮಗಳಿಗೂ ಬೇಡ.

ಡಬ್ಬಿ ಈಗಲೂ ಅವರ ಹತ್ತಿರವೇ ಇದೆ. ದಿನಾ ಬೆಳಿಗ್ಗೆ ಮಾತ್ರೆ ತಂದು ಅಂಗೈಗೆ ಹಾಕುತ್ತಾರೆ. ನಾನು ಇನ್ನೊಂದು ಕೈಯನ್ನೂ ಚಾಚುತ್ತೇನೆ. ಪಟ್ಟಿ ಕೊಡುತ್ತಾರೆ. ಅದನ್ನು ಎಡಗಣ್ಣಿನ ಹತ್ತಿರಕ್ಕೆ ತಂದು, "ಹತ್ತು" ಎಂದು ಗಟ್ಟಿಯಾಗಿ ಓದಿ, ಆಮೇಲೆ ನುಂಗುತ್ತೇನೆ. ಯಾಕೆ ಓದುತ್ತೀಯ ಎಂದು ಅವರು ಇದುವರೆಗೆ ಕೇಳಿಲ್ಲ.